ಹಸುವಿನ ಹಾಸು: ಕೆಚ್ಚಲಿಗೂ ಹಿತ, ತೋಟಕ್ಕೂ ಗೊಬ್ಬರ

ಕಳೆದ ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆಯ ಮಿಶ್ರತಳಿ ಹಸುವೊಂದಕ್ಕೆ ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತಿಹೋಯಿತು. ವಾಡಿಕೆಯಂತೆ ದಿನವೂ ಹಸಿ ಸೊಪ್ಪು ಹಾಸುತ್ತಿದ್ದೆವು; ಅಡಿಯ ಕೆಸರನ್ನು ಮಾತ್ರ ತೆಗೆಯುತ್ತಿರಲಿಲ್ಲ. ಸದಸ್ಯ ಬಾಂಧವರಿಗೆ ಈ ನಷ್ಟ ಬರಬಾರದೆಂದು ನಾಲ್ಕು ಮಾತು ಬರೆಯುತ್ತಿದ್ದೇವೆ.

ಹಸು ದಿನಕ್ಕೆ 10ರಿಂದ 14 ಗಂಟೆ ಮಲಗಿಯೇ ಇರುತ್ತದೆ. ಹಾಲು ಕರೆದ ಮೇಲೆ ಸುಮಾರು ಅರ್ಧ ಗಂಟೆ ಮೊಲೆಯ ರಂಧ್ರ ಪೂರ್ತಿ ಮುಚ್ಚಿರುವುದಿಲ್ಲ. ಆಗ ಒದ್ದೆ ಹಾಸಿನ ಮೇಲೆ ಮಲಗಿದರೆ ರೋಗಾಣು ಸುಲಭವಾಗಿ ಒಳಸೇರುತ್ತದೆ. ಆದ್ದರಿಂದ ಕರೆದ ಕೂಡಲೇ ಮೇವು ಹಾಕಿ ಹಸುವನ್ನು ನಿಂತಿರುವಂತೆ ಮಾಡಬೇಕು.

ಬಯಲುಸೀಮೆಯ ಮುಳಬಾಗಿಲಿನವರಿಗೆ ನಮ್ಮಂತೆ ಸೊಪ್ಪಿನ ಬೆಟ್ಟವಿಲ್ಲ. ಅಲ್ಲಿ ರಾಗಿ ಹುಲ್ಲು ಹಸುವಿನ ಹೊಟ್ಟೆಗೇ ಬೇಕು, ಹಾಸಲು ಒದಗದು. ಅಂಥ ಸೀಮೆಗೆ ದನ ತಿಂದುಳಿದ ಕಡ್ಡಿ, ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಒಣಗಿದ ಕೆರೆಗೋಡು ಇವೇ ಗತಿ. ಆದರೆ ಇವೆಲ್ಲ ಒಣ ಪದಾರ್ಥಗಳು. ಸೊಪ್ಪು ಹೇರಳವಾಗಿರುವ ನಾವು ಕಲಿಯಬೇಕಾದದ್ದು ಇದನ್ನೇ: ಹಾಸು ಎಷ್ಟಿದೆ ಎಂಬುದಕ್ಕಿಂತ ಎಷ್ಟು ಒಣಗಿದೆ ಎಂಬುದು ಮುಖ್ಯ.

ನಮ್ಮಲ್ಲಿ ಬೇಸಿಗೆಯಲ್ಲೇ ಗುಡಿಸಿ ಒಣ ಜಾಗದಲ್ಲಿ ಕೂಡಿಟ್ಟ ತರಗೆಲೆ ಉತ್ತಮ. ಭತ್ತದ ಹೊಟ್ಟು ಗಂಜಲವನ್ನು ಹೆಚ್ಚು ಹೀರದು, ಬೇಗ ಕೊಳೆಯದು, ತರಗೆಲೆಯೊಡನೆ ಬೆರೆಸಬಹುದು. ಮರದ ಹೊಟ್ಟು ಚೆನ್ನಾಗಿ ಹೀರುತ್ತದೆ. ಆದರೆ ಹಸಿ ಹೊಟ್ಟಿನಲ್ಲಿ ಕೆಚ್ಚಲು ಬಾವು ತರುವ ಕ್ಲೆಬ್ಸಿಯೆಲ್ಲಾ ರೋಗಾಣು ಬೆಳೆಯುವುದುಂಟು. ಬಿಸಿಲಿಗೆ ಒಣಗಿಸದೆ ಹಾಸಬಾರದು. ಅಡಿಕೆ ಸಿಪ್ಪೆ ಒರಟು, ನಿಧಾನವಾಗಿ ಕೊಳೆಯುವಂಥದು. ಗೊಬ್ಬರದ ಗುಂಡಿಗೇ ಹಾಕುವುದು ಲೇಸು. ಬೂಷ್ಟು ಹಿಡಿದದ್ದು ಯಾವುದೇ ಆಗಲಿ, ಬೇಡ. ಹಸು ಅದನ್ನು ಮೆಲ್ಲುವ ಸಂಭವವಿದೆ. ಈಗ ರಬ್ಬರ್ ಹಾಸೂ ಸಿಗುತ್ತದೆ. ಅದು ಮೆತ್ತಗಿರುತ್ತದೆ, ಆದರೆ ಗಂಜಲ ಹೀರದು. ಮೇಲೆ ತೆಳುವಾಗಿ ಒಣ ಪದಾರ್ಥ ಹರಡಲೇಬೇಕು.

ಹಾಸು ಗಂಜಲವನ್ನು ಹೀರಿದರೆ ತೋಟಕ್ಕೂ ಲಾಭ. ಪೊಟ್ಯಾಷಿನ ಬಹುಭಾಗ ಸಗಣಿಯಲ್ಲಲ್ಲ, ಗಂಜಲದಲ್ಲಿದೆ. ಫಲ ಬಿಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಶಿಫಾರಸು ಇದೆ. ಗಂಜಲವನ್ನು ಚರಂಡಿಗೆ ಬಿಟ್ಟು ಪೊಟ್ಯಾಷ್ ಚೀಲಕ್ಕೆ ಹಣ ಕೊಡುವುದು ಯಾವ ಲೆಕ್ಕ?

ಕೊನೆಯದಾಗಿ ಒಂದು ಸುಲಭ ಪರೀಕ್ಷೆ. ಹಾಸಿನ ಮೇಲೆ ಅರ್ಧ ನಿಮಿಷ ಮಂಡಿಯೂರಿ ಕುಳಿತು ನೋಡಿ. ಪಂಚೆ ಒದ್ದೆಯಾದರೆ ಅಂದೇ ಹಾಸನ್ನು ಅಡಿಯಿಂದ ಎಳೆದು ಗುಂಡಿಗೆ ಹಾಕಿ, ನೆಲ ಆರಿದ ಮೇಲೆ ಹೊಸದನ್ನು ಹರಡಿ. ಈ ಕೆಲಸಕ್ಕೆ ಹಣ ಬೇಕಿಲ್ಲ, ಆಲಸ್ಯ ಬಿಟ್ಟರೆ ಸಾಕು. ಬೇರೆ ಹಾಸು ಬಳಸಿ ಅನುಭವವುಳ್ಳ ಸದಸ್ಯರು ಸಂಘಕ್ಕೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.