ಅಜ್ಜಿ ಹೇಳಿದ ಇಸವಿ ಕಳೆಯದಿರಲಿ

ರಜೆಗೆ ಊರಿಗೆ ಹೋದಾಗ ಟ್ರಂಕಿನಲ್ಲಿದ್ದ ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿ ಗೂಗಲ್ ಫೋಟೋಸ್‌ಗೆ ಏರಿಸಿದ್ದೀರಿ. ಅಜ್ಜಿಯನ್ನು ಕೇಳಿ ಕೇಳಿ ಒಂದೊಂದಕ್ಕೂ ಇಸವಿ ತುಂಬಿದ್ದೀರಿ. ಈಗ ಉಚಿತ 15 ಜಿಬಿ ಮುಗಿದಿದೆ, ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು ಅಲ್ಲಿಂದ ಅಳಿಸೋಣ ಅಂದುಕೊಂಡಿರಾ? ಸ್ವಲ್ಪ ತಾಳಿ.

ಇಳಿಸುವ ದಾರಿ ಗೂಗಲ್ ಟೇಕ್‌ಔಟ್. ಕೋರಿಕೆ ಕೊಟ್ಟ ಮೇಲೆ ಗಂಟೆಗಳೋ ದಿನಗಳೋ ಕಾಯಬೇಕು. ಇಮೇಲ್‌ನಲ್ಲಿ ಬರುವ ಲಿಂಕ್‌ಗೆ ಸುಮಾರು ಒಂದು ವಾರವಷ್ಟೇ ಆಯುಸ್ಸು, ಹಾಗಾಗಿ ವಿಮಾನ ಹತ್ತುವ ಹಿಂದಿನ ದಿನ ಶುರುಮಾಡಬೇಡಿ. 2 ಜಿಬಿ ತುಂಡುಗಳ ಬದಲು 10 ಜಿಬಿ ಆರಿಸಿಕೊಂಡರೆ ಜಿಪ್ ಫೈಲು ಎಣಿಸುವ ಗೋಳು ಕಡಿಮೆ.

ನಿಜವಾದ ತೊಡಕು ಆಮೇಲೆ. ಫೋಟೋಗಳ ಪಕ್ಕದಲ್ಲಿ ಜೇಸನ್ ಎಂಬ ಪುಟ್ಟ ಫೈಲುಗಳು ಬರುತ್ತವೆ. ಕಸವೆಂದು ಅಳಿಸಬೇಡಿ! ನೀವು ಕೈಯಾರೆ ತುಂಬಿದ ಇಸವಿ ಇರುವುದು ಅದರಲ್ಲಿ, ಫೋಟೋದೊಳಗಲ್ಲ. ಅದು ಹೋದರೆ ಮದುವೆಯ ಅಜ್ಜಿಗೂ ಬಾಣಂತಿ ಅಜ್ಜಿಗೂ ಒಂದೇ ತಾರೀಕು: ನೀವು ಸ್ಕ್ಯಾನ್ ಮಾಡಿದ್ದೋ ಡೌನ್‌ಲೋಡ್ ಮಾಡಿದ್ದೋ. ಅಜ್ಜಿಯೇ ಇಲ್ಲದಿದ್ದರೆ ಮತ್ತೆ ಯಾರನ್ನು ಕೇಳುವಿರಿ?

ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಆ ತಾರೀಕನ್ನು ಫೋಟೋದೊಳಗೇ ಬರೆಯಬಲ್ಲದು. ಕಮಾಂಡ್ ಟೈಪ್ ಮಾಡಬೇಕಾಗುತ್ತದೆ; ಮನೆಯಲ್ಲಿ ಹೈಸ್ಕೂಲು ಓದುವ ಮಗನೋ ಮಗಳೋ ಇದ್ದರೆ ಅವರಿಗೇ ವಹಿಸಿ, ಫೋಟೋದಲ್ಲಿರುವವರು ಯಾರೆಂದು ಕೇಳುತ್ತಾ ಕೂರುತ್ತಾರೆ. ನಾಲ್ಕಾರು ಫೋಟೋ ತೆರೆದು ಇಸವಿ ಸರಿಯಿದೆಯೇ ನೋಡುವವರೆಗೆ ಒಂದೆರಡು ತಿಂಗಳ ಬಾಡಿಗೆ ಕಟ್ಟಿಯಾದರೂ ಮೂಲಪ್ರತಿ ಅಲ್ಲೇ ಇರಲಿ.