ಹುಳು ಉಗುಳುವುದಿಲ್ಲ, ಎಳೆಯುತ್ತದೆ

ಕಳೆದ ವರ್ಷ ಒಂದು ಸಂದರ್ಶನದಲ್ಲಿ ಕೇಳಿದರು: 'ಮಡಿಚಿಕೊಂಡಿರುವ ಪ್ರೋಟೀನ್ ಸರಪಣಿಯ ಎರಡೂ ತುದಿ ಹಿಡಿದು ಎಳೆದರೆ ಏನಾಗುತ್ತದೆ?' ಎಂ.ಎಸ್ಸಿ ಮುಗಿಸಿದ್ದ ನಾನು 'ಬಿಚ್ಚಿಕೊಳ್ಳುತ್ತೆ ಸಾರ್' ಎಂದೆ. 'ಹೇಗೆ?' ಎಂದರು. ಬಾಯಿ ಕಟ್ಟಿತು. ಶೀಳನೆರೆಗೆ ವಾಪಸ್ ಬಂದಾಗ ಮನೆಯಲ್ಲಿ ಹುಳು ಹಣ್ಣಾಗಿದ್ದವು. ಬ್ಯಾಗ್ ಇಟ್ಟವನೇ ಚಂದ್ರಂಕಿಗೆ ಹುಳು ಬಿಡಲು ಕೂತೆ.

'ನೋಡ್ಲಾ, ಹುಳ ನೂಲು ಉಗುಳಲ್ಲ. ಒಂದ್ಕಡೆ ಅಂಟಿಸಿ, ತಲೆ ಆಡಿಸ್ಕಂಡು ಎಳೀತದೆ' ಎಂದರು ಅಪ್ಪ.

ನನಗೆ ಬೇಕಿದ್ದ ಉತ್ತರ ಅದೇ ಆಗಿತ್ತು! ಹುಳುವಿನ ಗ್ರಂಥಿಯಲ್ಲಿ ರೇಷ್ಮೆ ಇರುವುದು ಅಂಟಾದ ದ್ರವವಾಗಿ. ಅದರ ಮುಖ್ಯ ಪ್ರೋಟೀನ್ ಫೈಬ್ರಾಯಿನ್. ಇದರ ದೊಡ್ಡ ಸರಪಣಿಯೊಂದರಲ್ಲಿ 5,263 ಅಮೈನೊ ಆಮ್ಲಗಳಿವೆ. ಗ್ರಂಥಿಯೊಳಗೆ ಮಡಿಚಿಕೊಂಡಿರುವ ಈ ಸರಪಣಿಗಳು, ಹುಳು ಎಂಟರ ಆಕಾರದಲ್ಲಿ ತಲೆ ಆಡಿಸಿ ಎಳೆದಾಗ ಬಿಚ್ಚಿ ಚಾಚಿಕೊಳ್ಳುತ್ತವೆ. ಪಕ್ಕಪಕ್ಕ ಸೇರಿ ಹೈಡ್ರೋಜನ್ ಬಂಧಗಳಿಂದ ಬಿಗಿದು ಗಟ್ಟಿ ಹಾಳೆಗಳಾಗುತ್ತವೆ. ಆಮೇಲೆ ಕುದಿನೀರಿಗೆ ಹಾಕಿದರೂ ಮೇಲಿನ ಸೆರಿಸಿನ್ ಅಂಟು ಮೆತ್ತಗಾಗುತ್ತದೆಯೇ ಹೊರತು ಎಳೆ ಕರಗುವುದಿಲ್ಲ. 2002ರಲ್ಲಿ ಶಾವೊ ಮತ್ತು ವೋಲ್‌ರಾತ್ ಎಂಬ ವಿಜ್ಞಾನಿಗಳು ಹುಳುವಿನ ಬಾಯಿಂದ ತಾವೇ ನೂಲು ಎಳೆದು ನೋಡಿದರು. ವೇಗ ಹೆಚ್ಚಿಸಿದಷ್ಟೂ ಎಳೆ ಗಟ್ಟಿಯಾಯಿತು, ಆದರೆ ಹಿಗ್ಗುವ ಗುಣ ಕಡಿಮೆಯಾಯಿತು.

ನಮ್ಮ ಸ್ನಾಯುವಿನ ಟೈಟಿನ್ ಪ್ರೋಟೀನನ್ನು 1997ರಲ್ಲೇ ಹೀಗೆ ಎಳೆದಿದ್ದರು. ಅದು ಒಟ್ಟಿಗೆ ಬಿಚ್ಚಲಿಲ್ಲ. ಸೀರೆಯ ನೆರಿಗೆಗಳು ಒಂದೊಂದೇ ಜಾರಿದಂತೆ, ಪ್ರತಿ ಮಡಿಕೆಯೂ ತನ್ನ ಸರದಿಯಲ್ಲಿ ತಟ್ಟನೆ ಸಡಿಲಿತು. ಬೇಕಾದ ಬಲ 150ರಿಂದ 300 ಪಿಕೊನ್ಯೂಟನ್. ಒಂದು ಪಿಕೊನ್ಯೂಟನ್ ಎಂದರೆ ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. 'ಹಂಗಾರೆ ಹೋದ್ ಬೆಳೆ ಗೂಡು ಯಾಕ್ಲಾ ಬಿಚ್ಚನಿಲ್ಲ?' ಎಂದರು. ಆ ಸಲ ನೂಲು ಪದೇ ಪದೇ ತುಂಡಾಗುತ್ತದೆಂದು ರೀಲರ್‌ಗಳು ರೇಟು ಇಳಿಸಿದ್ದರು. ಮಳೆಗಾಲ, ಹುಳು ಗೂಡು ಕಟ್ಟುವಾಗ ಚಳಿಯೆಂದು ಕಿಟಕಿಗೆಲ್ಲ ಗೋಣಿಚೀಲ ಕಟ್ಟಿದ್ದೆವು. ತೇವ ಹೆಚ್ಚಾದರೆ ಸೆರಿಸಿನ್ ಬೇಗ ಒಣಗುವುದಿಲ್ಲ, ಎಳೆಯ ಮೇಲೆ ಎಳೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಿಚ್ಚುವಾಗ ಎಳೆಯೇ ಕಡಿಯುತ್ತದೆ. ಕಟ್ಟಿದ್ದು ನಾನೇ ಎಂಬುದನ್ನು ಅಪ್ಪ ನೆನಪಿಸಲಿಲ್ಲ.

ಈ ಸಲ ಗೋಣಿ ಬಿಚ್ಚಿ, ಮೂಲೆಗೊಂದು ಫ್ಯಾನ್ ಇಟ್ಟು, ಗೋಡೆಗೆ ತೇವಮಾಪಕ ನೇತುಹಾಕಿದ್ದೇನೆ. ರಾತ್ರಿ ಎರಡು ಸಲ ಎದ್ದು ನೋಡುತ್ತೇನೆ, ಅರವತ್ತೈದು ದಾಟಬಾರದು. ಗೂಡು ಬಿಡಿಸಲು ಇನ್ನೂ ಮೂರು ದಿನವಿದೆ. ರಾಮನಗರಕ್ಕೆ ನಾನೇ ಹೋಗುತ್ತೇನೆ.