ಬ್ಯಾಟರಿ ಹೋಗಿಲ್ಲ, ಅರ್ಥ್ ತಂತಿ ನೋಡ್ರಿ!

ಮದುವೆ ಸೀಜನ್ ಬಂತೆಂದರೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಹಿತ್ತಲಲ್ಲಿ ನಿಂತ ಹಳೇ ಅಂಬಾಸಿಡರ್, ಪದ್ಮಿನಿ ಕಾರುಗಳನ್ನು ಒರೆಸಿ ಹೊರಗೆ ತೆಗೆಯುವವರು ಇನ್ನೂ ಇದ್ದಾರೆ. ಹೂವಿನ ಹಾರ ಹಾಕಿದ್ದಾಯಿತು, ಮದುಮಗ ಕೂತದ್ದೂ ಆಯಿತು. ಚಾವಿ ತಿರುವಿದರೆ ‘ಟಕ್’ ಅಂತ ಒಂದೇ ಸದ್ದು! ‘ಬ್ಯಾಟರಿ ಕೂತೈತ್ರಿ, ಹೊಸಾದು ಹಾಕಸ್ರಿ’ ಎಂಬ ಬಿಟ್ಟಿ ಸಲಹೆ ಸುತ್ತಲಿನಿಂದ ಕೂಡಲೇ ಬರುತ್ತದೆ. ಸಾವಿರಾರು ರೂಪಾಯಿ ಎಣಿಸುವ ಮೊದಲು ಹತ್ತು ನಿಮಿಷ ಬಾನೆಟ್ ಎತ್ತಿ ನೋಡುವುದು ಒಳಿತು.

12 ವೋಲ್ಟ್ ಬ್ಯಾಟರಿಯಲ್ಲಿ ಇರುವುದು ಆರು ಖಾನೆ. ಪೂರ್ತಿ ಚಾರ್ಜ್ ಆಗಿದ್ದರೆ ಮೀಟರ್ 12.6 ತೋರಿಸುತ್ತದೆ, 12.2 ಎಂದರೆ ಅರ್ಧ ಖಾಲಿ. ಆದರೆ ಬರೀ ವೋಲ್ಟ್ ನೋಡಿದರೆ ಸಾಲದು. ಸ್ಟಾರ್ಟರ್ ಮೋಟಾರು ಒಂದೇಟಿಗೆ 150ರಿಂದ 200 ಆಂಪಿಯರ್ ಎಳೆಯುತ್ತದೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಬೂಷ್ಟು ಕಟ್ಟಿ ಒಂದು ಓಮ್‌ನ ನೂರನೇ ಒಂದು ಪಾಲು ಅಡ್ಡಿ ಬಂದರೂ ಸಾಕು, 200 ಆಂಪಿಯರಿಗೆ 2 ವೋಲ್ಟ್ ದಾರಿಯಲ್ಲೇ ಮಾಯ. ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ಹೀಗಾಗಿ ಇಂಜಿನ್‌ನಿಂದ ಬಾಡಿಗೆ ಬಂದಿರುವ ಹೆಣೆದ ಅರ್ಥ್ ಪಟ್ಟಿ ತುಕ್ಕು ಹಿಡಿದರೆ ಹೊಸ ಬ್ಯಾಟರಿಯೂ ಮೊಂಡು ಹಿಡಿಯುತ್ತದೆ.

ಪರೀಕ್ಷೆ ಸರಳ. ಹೆಡ್‌ಲೈಟ್ ಹಾಕಿ ಸ್ಟಾರ್ಟರ್ ಒತ್ತಬೇಕು. ದೀಪ ಮಂಕಾಗಿ ಸತ್ತಂತಾದರೆ ಬ್ಯಾಟರಿಯೋ ಟರ್ಮಿನಲ್ಲೋ ನೋಡಬೇಕು. ದೀಪ ಹಾಗೇ ಉರಿಯುತ್ತಿದ್ದು ಸ್ಟಾರ್ಟರ್ ಸುಮ್ಮನಿದ್ದರೆ ಬ್ಯಾಟರಿಯನ್ನು ಬಯ್ಯುವುದರಲ್ಲಿ ಅರ್ಥವಿಲ್ಲ, ಸ್ವಿಚ್ಚಿನ ಕಡೆ ಹೋಗಬೇಕು. ಬೂಷ್ಟು ತೆಗೆಯಲು ಬಿಸಿನೀರು, ಅಡಿಗೆ ಸೋಡಾ ಸಾಕು. ಖಾನೆಯೊಳಗೆ ಮಾತ್ರ ಹನಿ ಬೀಳಬಾರದು.

ಇನ್ನು ಮೆರವಣಿಗೆಯ ಕಥೆ. ಹಳೇ ಮಾದರಿಗಳಲ್ಲಿ ಇರುವುದು ಆಲ್ಟರ್ನೇಟರ್ ಅಲ್ಲ, ಡೈನಮೋ. ಇಂಜಿನ್ ಮೆಲ್ಲಗೆ ಓಡುವಾಗ ಅದು ಚಾರ್ಜ್ ಮಾಡುವುದೇ ಇಲ್ಲವೆನ್ನಬಹುದು. ಬ್ಯಾಂಡಿನ ಹಿಂದೆ ನಡಿಗೆಯ ವೇಗದಲ್ಲಿ ಎರಡು ತಾಸು ದೀಪ ಉರಿಸಿದರೆ 15 ಆಂಪಿಯರ್-ಅವರ್ ಖಾಲಿ. ಮುದಿ ಬ್ಯಾಟರಿಗೆ ಇದು ಅರ್ಧ ಆಯುಸ್ಸೇ ಸರಿ! ಬೀಗರು ಕೆಳಗಿಳಿದು ದಬ್ಬುವ ಪ್ರಸಂಗ ಆಗಲೇ ಬರುವುದು. ಮಲೆನಾಡಿನ ಸೆರಗಿನ ಹಾನಗಲ್ಲಿನ ತಣ್ಣನೆ ಬೆಳಗಿನಲ್ಲಂತೂ ಬ್ಯಾಟರಿಯ ಕಸುವು ಇನ್ನೂ ಇಳಿದಿರುತ್ತದೆ.

1980ರಲ್ಲಿ ಬಂದ ಡೀಸೆಲ್ ಅಂಬಾಸಿಡರಿಗೆ ಪೆಟ್ರೋಲ್ ಗಾಡಿಯ ಚಿಕ್ಕ ಬ್ಯಾಟರಿ ಹಾಕಿ ಹಣ ಉಳಿಸುವವರೂ ಉಂಟು. ಒತ್ತಡ ಹೆಚ್ಚು, ಮೇಲೆ ಹೀಟರ್ ಪ್ಲಗ್ಗಿನ ಹಸಿವು, ಅದು ಎಳೆಯುವುದಿಲ್ಲ. ಬ್ರಿಟಿಷ್ ಕಾಲದ ನಮೂನೆಯ ಕೆಲವು ಕಾರುಗಳಲ್ಲಿ ಪಾಸಿಟಿವ್ ಬಾಡಿಗೆ ಹೋಗಿರುತ್ತದೆ. ಬೇರೆ ಗಾಡಿಯಿಂದ ಕರೆಂಟು ಎರವಲು ಪಡೆಯುವ ಮುನ್ನ ಇದನ್ನು ನೋಡದಿದ್ದರೆ ತಂತಿ ಸುಡುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಏಳುತ್ತದೆ, ಹತ್ತಿರ ಬೀಡಿ ಬೇಡ.

ಸತ್ತ ಬ್ಯಾಟರಿಯನ್ನು ಸೀಸ ಕರಗಿಸುವವರ ಕೈಗೆ ಕೊಡದೆ ಮಾರಿದ ಅಂಗಡಿಗೇ ಮರಳಿಸಬೇಕು. ಆ ಹೊಗೆ, ಆ ಮಣ್ಣು ಮೊದಲು ಕಾಡುವುದು ಓಣಿಯ ಮಕ್ಕಳನ್ನು. ಕೊಂಡ ಅಂಗಡಿಯವರು ಹಳೇದಕ್ಕೆ ಬಿಲ್ಲಿನಲ್ಲಿ ಇಷ್ಟು ಎಂದು ಮುರಿದುಕೊಡುವುದೂ ಉಂಟು, ಕೇಳಿ ಪಡೆಯಬೇಕು.